ಮಣ್ಣಿನ ಹೆಸರನ್ನು ಕೇಳಿ ಬರೆದ ವೈದ್ಯ: ಫ್ರಾನ್ಸಿಸ್ ಬುಕಾನನ್

ಪ್ರತಿ ವರ್ಷ ಡಿಸೆಂಬರ್ 5ರಂದು ವಿಶ್ವ ಮಣ್ಣು ದಿನವನ್ನು ಆಚರಿಸುತ್ತೇವೆ. ಅಂದು ರೈತ ಬಾಂಧವರಿಗೆ ಮಣ್ಣು ಆರೋಗ್ಯ ಚೀಟಿಗಳನ್ನು ವಿತರಿಸಿ, ರಸಸಾರ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್‌ಗಳ ಪ್ರಮಾಣವನ್ನು ವಿವರಿಸುವುದು ವಾಡಿಕೆ. ಈ ಅಂಕಿಗಳು ಅತ್ಯಗತ್ಯ. ಆದರೆ ಮಣ್ಣಿಗೆ ಅಂಕಿಗಳು ಬರುವುದಕ್ಕೆ ಬಹಳ ಮೊದಲೇ ಹೆಸರುಗಳಿದ್ದವು. ಎರೆ, ಕೆಬ್ಬೆ, ಮರಳು, ಗರಸು, ಜೇಡಿ, ಚೌಳು ಮುಂತಾದ ಆ ಹೆಸರುಗಳನ್ನು ಯಾವ ಪ್ರಯೋಗಾಲಯವೂ ಕೊಟ್ಟದ್ದಲ್ಲ. ತಲೆಮಾರುಗಳಿಂದ ನೆಲವನ್ನು ಉತ್ತು, ತುಳಿದು, ಹಿಡಿಯಲ್ಲಿ ಹಿಸುಕಿ ನೋಡಿದವರು ಕೊಟ್ಟದ್ದು.

ಇಂತಹ ಹೆಸರುಗಳನ್ನು ರೈತರ ಬಾಯಿಂದಲೇ ಕೇಳಿ, ಕಿವಿಗೆ ಬಿದ್ದಂತೆ ಬರೆದುಕೊಂಡು, ಲೋಕದ ವಿಜ್ಞಾನಕ್ಕೆ ಮುಟ್ಟಿಸಿದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವನು ಫ್ರಾನ್ಸಿಸ್ ಬುಕಾನನ್. 1800ರಲ್ಲಿ ಈತನು ಶ್ರೀರಂಗಪಟ್ಟಣದ ಕಡೆಯಿಂದ ಹೊರಟು ಸತ್ತೇಗಾಲ, ಸಿಂಗಾನಲ್ಲೂರು, ಹನೂರು, ಕೌದಳ್ಳಿಗಳ ಮಾರ್ಗವಾಗಿ ಘಟ್ಟವಿಳಿದು ಹೋದನು. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ರೈತರಿಗೆ ಈತನ ಬದುಕಿನ ಪರಿಚಯ ಇರಬೇಕಾದುದು ಆ ಕಾರಣಕ್ಕೆ ಮಾತ್ರವಲ್ಲ. ಮಣ್ಣನ್ನು ನೋಡುವಾಗ ಕಲೆಗಾರನ ಕಣ್ಣೂ ವಿಜ್ಞಾನಿಯ ಕಣ್ಣೂ ಒಂದೇ ಕಡೆ ಸೇರುವುದೆಂದರೇನು ಎಂಬುದಕ್ಕೆ ಈತನ ಬದುಕು ಒಳ್ಳೆಯ ನಿದರ್ಶನವಾಗಿದೆ.

ವಿದ್ಯಾಭ್ಯಾಸ

ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡ್ ದೇಶದಲ್ಲಿ. ತಂದೆ ವೈದ್ಯರು. ಮಗನೂ ಅದೇ ವೃತ್ತಿಯನ್ನು ಹಿಡಿದು ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರ ಓದಿ, 1783ರಲ್ಲಿ ಎಂ.ಡಿ. ಪದವಿ ಪಡೆದನು. ಆ ಕಾಲದಲ್ಲಿ ಔಷಧಿಗಳು ಬಹುಪಾಲು ಗಿಡಮೂಲಿಕೆಗಳಿಂದಲೇ ತಯಾರಾಗುತ್ತಿದ್ದುದರಿಂದ ವೈದ್ಯ ವಿದ್ಯಾರ್ಥಿಗಳಿಗೆ ಸಸ್ಯಶಾಸ್ತ್ರದ ವ್ಯಾಸಂಗ ಅವಶ್ಯವಾಗಿತ್ತು. ಜಾನ್ ಹೋಪ್ ಎಂಬ ಪ್ರಾಧ್ಯಾಪಕರ ಬಳಿ ಬುಕಾನನ್ ಸಸ್ಯಗಳನ್ನು ಗುರುತಿಸುವ, ವರ್ಗೀಕರಿಸುವ, ಹೆಸರಿಡುವ ಕ್ರಮವನ್ನು ಕಲಿತನು. ಸ್ವೀಡನ್ನಿನ ಲಿನೇಯಸ್ ರೂಪಿಸಿದ ಎರಡು ಪದಗಳ ನಾಮಕರಣ ಪದ್ಧತಿ ಆಗ ಯೂರೋಪಿನಲ್ಲೆಲ್ಲ ಹಬ್ಬುತ್ತಿತ್ತು. ಒಂದು ಜೀವಿಯನ್ನು ಸರಿಯಾಗಿ ನೋಡಿದ್ದೇವೆಯೇ ಇಲ್ಲವೇ ಎಂಬುದು ಅದಕ್ಕೆ ಹೆಸರಿಡುವ ಹೊತ್ತಿಗೆ ತಿಳಿದುಬಿಡುತ್ತದೆ ಎಂಬ ಶಿಸ್ತು ಆ ಪದ್ಧತಿಯ ಒಳಗಿದೆ. ಬುಕಾನನ್ ಜೀವನಪರ್ಯಂತ ಆ ಶಿಸ್ತನ್ನು ಬಿಡಲಿಲ್ಲ.

ಪದವಿಯ ಬಳಿಕ ಕೆಲವು ವರ್ಷ ಏಷ್ಯಾದ ಕಡೆಗೆ ಬರುವ ವ್ಯಾಪಾರದ ಹಡಗುಗಳಲ್ಲಿ ವೈದ್ಯನಾಗಿ ಕೆಲಸ ಮಾಡಿದನು. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿ, ಮರುವರ್ಷವೇ ಕ್ಯಾಪ್ಟನ್ ಸೈಮ್ಸ್ ನೇತೃತ್ವದ ನಿಯೋಗದೊಡನೆ ಬರ್ಮಾ ದೇಶಕ್ಕೆ ಹೋಗಿ ಅಲ್ಲಿನ ಸಸ್ಯಗಳನ್ನು ಸಂಗ್ರಹಿಸಿದನು. 1798ರಲ್ಲಿ ಸಂಬಾರ ಬೆಳೆಗಳಿಗೆ ಒಗ್ಗುವ ಭೂಮಿಯನ್ನು ಅರಸಿ ಚಿತ್ತಗಾಂಗ್ ಸೀಮೆಯ ಬೆಟ್ಟಗಳಲ್ಲಿ ಸುತ್ತಾಡಿದನು. ರೋಗಿಯ ನಾಡಿ ನೋಡುವುದಕ್ಕಿಂತ ನೆಲದ ನಾಡಿ ನೋಡುವುದೇ ಹೀಗೆ ಕ್ರಮೇಣ ಆತನ ಮುಖ್ಯ ಕಸುಬಾಯಿತು.

ಮೈಸೂರು ಸಮೀಕ್ಷೆ

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಪತನವಾಗಿ ಟಿಪ್ಪು ಸುಲ್ತಾನನು ಮಡಿದನು. ರಾಜ್ಯದ ಒಂದು ಭಾಗವನ್ನು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕೊಟ್ಟು, ಪೂರ್ಣಯ್ಯನವರನ್ನು ದಿವಾನರನ್ನಾಗಿ ಮುಂದುವರಿಸಲಾಯಿತು. ಉಳಿದ ಪ್ರದೇಶಗಳಲ್ಲಿ ಕೆಲವನ್ನು ಕಂಪನಿ ತಾನೇ ಇಟ್ಟುಕೊಂಡಿತು. ಕೊಳ್ಳೇಗಾಲದ ಸೀಮೆ ಹಾಗೆ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರಲ್ಲಿ ಭಾಷಾವಾರು ರಾಜ್ಯಗಳು ರಚನೆಯಾಗುವವರೆಗೂ ಅದು ಆ ಜಿಲ್ಲೆಯಲ್ಲೇ ಉಳಿಯಿತೆಂಬುದು ಇಲ್ಲಿನ ಹಿರಿಯರಿಗೆ ಗೊತ್ತಿರುವ ಸಂಗತಿ.

ಹೊಸದಾಗಿ ವಶವಾದ ನಾಡಿನಲ್ಲಿ ಏನು ಬೆಳೆಯುತ್ತದೆ, ಯಾರು ಬೆಳೆಯುತ್ತಾರೆ, ಎಷ್ಟು ಉಳಿಯುತ್ತದೆ ಎಂಬುದನ್ನು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ 1800ರ ಫೆಬ್ರವರಿಯಲ್ಲಿ ಬುಕಾನನ್ನನನ್ನು ನೇಮಿಸಿದನು. ಆತನಿಗೆ ಕೊಟ್ಟ ಸೂಚನೆಗಳಲ್ಲಿ ಬೇಸಾಯಕ್ಕೇ ಮೊದಲ ಸ್ಥಾನವಿತ್ತು. ಆಹಾರ ಬೆಳೆಗಳು, ಉಳುಮೆಯ ವಿಧಾನ, ಗೊಬ್ಬರ, ದನಕರುಗಳು, ಹಿಡುವಳಿಯ ವಿಸ್ತಾರ, ಅನಂತರ ಹತ್ತಿ, ಮೆಣಸು, ಶ್ರೀಗಂಧ, ಗಣಿ, ಕೈಕಸುಬು ಇವೆಲ್ಲವನ್ನೂ ಆತನು ವಿಚಾರಿಸಬೇಕಿತ್ತು.

1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟ ಬುಕಾನನ್ ಮೈಸೂರು, ಕೊಂಗುನಾಡು, ಮಲಬಾರ್, ಕನ್ನಡ ಕರಾವಳಿ ಮತ್ತು ಮಲೆನಾಡುಗಳನ್ನು ಸುತ್ತಿ 1801ರ ಜುಲೈ 6ರಂದು ಮದರಾಸಿಗೆ ಹಿಂದಿರುಗಿದನು. ಹದಿನಾಲ್ಕು ತಿಂಗಳಿಗೂ ಮಿಕ್ಕ ಪ್ರಯಾಣ. ಪ್ರತಿದಿನ ಕಂಡದ್ದನ್ನೂ ಕೇಳಿದ್ದನ್ನೂ ಆಯಾ ದಿನವೇ ದಿನಚರಿಯಾಗಿ ಬರೆದಿಟ್ಟನು. ಆ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದೇ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ದೊರೆಯಿತು.

ಹೊಲದ ಬದುವಿನ ಮೇಲೆ ಕಲಿತ ಪಾಠ

ಬುಕಾನನ್ ಅನುಸರಿಸಿದ ವಿಧಾನ ಸರಳವಾದುದು. ಒಂದು ಊರಿನಲ್ಲಿ ಬೀಡುಬಿಟ್ಟು, ದುಭಾಷಿಯ ಮೂಲಕ ಗೌಡರನ್ನೂ ಶಾನುಭೋಗರನ್ನೂ ರೈತರನ್ನೂ ಕರೆಸಿ ಪ್ರಶ್ನಿಸುವುದು. ಅವರ ಉತ್ತರಗಳನ್ನು ಹೊಲಕ್ಕೆ ಹೋಗಿ ತಾನೇ ಕಂಡು ತಾಳೆನೋಡುವುದು. ರಾಗಿಗೆ ಎಷ್ಟು ಸಲ ಉಳುಮೆ, ಯಾವ ಮಳೆಗೆ ಬಿತ್ತನೆ, ಎಷ್ಟು ದಿನಕ್ಕೆ ಕುಂಟೆ ಹಾಯಿಸುವುದು, ಸಾಲಿನ ನಡುವೆ ಅವರೆ ಹಾಕುವುದೋ ತೊಗರಿ ಹಾಕುವುದೋ, ತಿಪ್ಪೆಯ ಗೊಬ್ಬರ ಯಾವ ಹೊಲಕ್ಕೆ ಸಲ್ಲುತ್ತದೆ, ಒಂದು ಖಂಡುಗ ಬೀಜದ ನೆಲದಲ್ಲಿ ಎಷ್ಟು ಕೊಳಗ ಕಾಳು ಬರುತ್ತದೆ ಮುಂತಾದ ವಿವರಗಳು ಆ ಸಂಪುಟಗಳಲ್ಲಿ ತುಂಬಿವೆ. ಇಂದು ನಾವು ಅಕ್ಕಡಿ ಸಾಲು ಎಂದು ಶಿಫಾರಸು ಮಾಡುವ ಪದ್ಧತಿ ಆಗಲೇ ರೈತರ ಕೈಯಲ್ಲಿ ಎಷ್ಟು ಪಕ್ವವಾಗಿತ್ತೆಂಬುದಕ್ಕೆ ಅವೇ ಸಾಕ್ಷಿ.

ಮಣ್ಣಿನ ವಿಷಯದಲ್ಲಿ ಆತನು ಮಾಡಿದ ಒಂದು ಕೆಲಸ ಇಂದಿಗೂ ಮೆಚ್ಚತಕ್ಕದ್ದು. ತಾನು ಯೂರೋಪಿನಿಂದ ತಂದ ಪದಗಳನ್ನು ನೆಲದ ಮೇಲೆ ಹೇರಿ ಸುಮ್ಮನಾಗದೆ, ರೈತರು ತಮ್ಮ ಮಣ್ಣನ್ನು ಏನೆಂದು ಕರೆಯುತ್ತಾರೆಂದು ಕೇಳಿದನು. ಎರೆ ಎಂದರೆ ಕಪ್ಪು, ಅಂಟು ಹೆಚ್ಚು; ಕೆಬ್ಬೆ ಎಂದರೆ ಕೆಂಪು; ಮರಳು ಎಂದರೆ ಸಡಿಲ ಎಂದು ಒಂದೊಂದನ್ನೂ ವಿವರಿಸಿ, ಕನ್ನಡದ ಆ ಪದಗಳನ್ನೇ ರೋಮನ್ ಅಕ್ಷರಗಳಲ್ಲಿ ಬರೆದುಕೊಂಡನು. ಯಾವ ಮಣ್ಣಿಗೆ ಯಾವ ಬೆಳೆ ಎಂಬುದನ್ನೂ ಆ ಹೆಸರುಗಳ ಜೊತೆಗೇ ಸೇರಿಸಿದನು. ಮಣ್ಣಿನ ವರ್ಗೀಕರಣ ಎಂಬ ಶಾಸ್ತ್ರಶಾಖೆ ಜಗತ್ತಿನಲ್ಲಿ ಇನ್ನೂ ತಲೆಯೆತ್ತಿರದ ಕಾಲವದು. ರಷ್ಯಾದ ದೊಕುಚಾಯೆವ್ ಕಪ್ಪು ಮಣ್ಣನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ್ದು 1883ರಲ್ಲಿ. ಅದಕ್ಕಿಂತ ಎಂಬತ್ತು ವರ್ಷಗಳಿಗೂ ಹಿಂದೆ ಕಾವೇರಿ ತೀರದ ಒಕ್ಕಲಿಗರು ಒಂದು ವರ್ಗೀಕರಣವನ್ನು ಹೇಳಿದರು. ಒಬ್ಬ ವೈದ್ಯನು ಅದನ್ನು ಬರೆದುಕೊಂಡನು.

ಬರಹದ ಜೊತೆಗೆ ಚಿತ್ರಗಳೂ ಇದ್ದವು. ಸಂಪುಟಗಳಲ್ಲಿ ಭೂಪಟದ ಜೊತೆಗೆ ನೇಗಿಲು, ಕುಂಟೆ, ಕೂರಿಗೆ ಮೊದಲಾದ ಬೇಸಾಯದ ಉಪಕರಣಗಳ ಚಿತ್ರಗಳನ್ನು ಕೆತ್ತಿಸಿ ಅಚ್ಚು ಹಾಕಲಾಗಿದೆ. ಮಾತಿನಲ್ಲಿ ಹೇಳಲಾಗದ ಬಾಗು, ಕೋನ, ಜೋಡಣೆಗಳನ್ನು ಚಿತ್ರ ಹೇಳುತ್ತದೆ. ಕೂರಿಗೆಯ ಬಟ್ಟಲಿನಿಂದ ಬೀಜವು ಕೊಳವೆಗಳ ಮೂಲಕ ಸಮನಾಗಿ ಇಳಿಯುವ ಬಗೆಯನ್ನು ಚಿತ್ರವಿಲ್ಲದೆ ದೂರದೇಶದ ಓದುಗನಿಗೆ ಮನಗಾಣಿಸುವುದು ಕಷ್ಟ. ವಿಜ್ಞಾನಕ್ಕೆ ಕಲೆಯ ಆಸರೆ ಬೇಕೆಂಬುದನ್ನು ಬುಕಾನನ್ ಅರಿತಿದ್ದನು. ಮುಂದೆ ಸಸ್ಯ, ಪ್ರಾಣಿ, ಮೀನುಗಳ ಚಿತ್ರಗಳಿಗಾಗಿ ಭಾರತೀಯ ಚಿತ್ರಕಾರರನ್ನು ಸದಾ ತನ್ನ ಬಳಿ ಇಟ್ಟುಕೊಂಡನು.

ಸತ್ತೇಗಾಲದಿಂದ ಕೌದಳ್ಳಿಯವರೆಗೆ

1800ರ ಮುಂಗಾರು ಕಳೆಯುವ ವೇಳೆಗೆ ಬುಕಾನನ್ ಕಾವೇರಿಯ ಜಾಡು ಹಿಡಿದು ಕೊಳ್ಳೇಗಾಲದ ಸೀಮೆಗೆ ಬಂದನು. ಸತ್ತೇಗಾಲ, ಶಿವನಸಮುದ್ರಗಳನ್ನು ನೋಡಿ, ಸಿಂಗಾನಲ್ಲೂರು, ಹನೂರು, ಕೌದಳ್ಳಿಗಳ ಮೂಲಕ ಬೆಟ್ಟಸಾಲನ್ನು ದಾಟಿ ಕಾವೇರಿಪುರದ ಘಾಟಿಯಲ್ಲಿ ಇಳಿದನು. ಹತ್ತು ವರ್ಷಗಳ ಅಂತರದಲ್ಲಿ ನಡೆದ ಎರಡು ಯುದ್ಧಗಳು ಇಡೀ ನಾಡನ್ನು ಜರ್ಜರಗೊಳಿಸಿದ್ದ ಕಾಲವದು. ಪಾಳುಬಿದ್ದ ಊರುಗಳು, ಒಡೆದ ಕೆರೆಗಳು, ಬೀಳುಬಿಟ್ಟ ಹೊಲಗಳು ಆತನ ದಿನಚರಿಯಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ. ಬೆಟ್ಟಗಳಲ್ಲಿ ವಾಸಿಸುವ ಸೋಲಿಗರ ಜೀವನವನ್ನು ಕುರಿತೂ ಆತನು ಬರೆದಿದ್ದಾನೆ.

ಆ ದಾರಿಯನ್ನು ಇಂದು ಕ್ರಮಿಸುವವರು ಮಣ್ಣಿನ ಒಂದು ಪಾಠವನ್ನು ಸಾಲಾಗಿ ಓದಿದಂತಾಗುತ್ತದೆ. ಕಾವೇರಿ ಮತ್ತು ಸುವರ್ಣಾವತಿ ಹೊಳೆಗಳ ಬಯಲಿನಲ್ಲಿ ಕೊಳ್ಳೇಗಾಲ, ಯಳಂದೂರುಗಳ ತಗ್ಗು ಗದ್ದೆಗಳ ಮಣ್ಣು ಆಳವಾಗಿದ್ದು, ಜೇಡಿಯ ಅಂಶ ಹೆಚ್ಚಾಗಿ, ನೀರನ್ನು ಬಹುಕಾಲ ಹಿಡಿದಿಡುತ್ತದೆ. ಭತ್ತ, ಕಬ್ಬುಗಳಿಗೆ ಅದು ತವರು. ನೀರು ಬಸಿದುಹೋಗದ ಕಡೆ ಅದೇ ಮಣ್ಣು ಚೌಳಾಗುತ್ತದೆ. ಹನೂರಿನತ್ತ ನೆಲ ಏರತೊಡಗಿದಂತೆ ಬಣ್ಣ ಕೆಂಪಿಗೆ ತಿರುಗುತ್ತದೆ. ಮರಳಿನ ಅಂಶ ಹೆಚ್ಚುತ್ತದೆ. ಕೌದಳ್ಳಿಯಾಚೆ ಬೆಟ್ಟದ ಬುಡದಲ್ಲಿ ಗರಸು ಕಾಣಿಸಿಕೊಂಡು ಮಣ್ಣಿನ ಆಳ ಗೇಣಿಗೆ ಇಳಿಯುತ್ತದೆ. ರಾಗಿ, ಹುರುಳಿ, ಅವರೆ, ನೆಲಗಡಲೆ ಅಲ್ಲಿನ ಆಸರೆ. ಮಳೆ ಬಿದ್ದ ಮರುದಿನವೇ ಉಳಲು ಸಾಧ್ಯ. ಮೂರು ದಿನ ತಡೆದರೆ ಹದ ತಪ್ಪುತ್ತದೆ. ತಗ್ಗಿನ ಎರೆಯಲ್ಲಾದರೋ ಮಳೆ ಬಿದ್ದ ಮರುದಿನ ಕಾಲಿಡಲೂ ಆಗದು.

ಈ ವ್ಯತ್ಯಾಸದ ಕಾರಣಗಳನ್ನು ಇಂದಿನ ವಿಜ್ಞಾನ ವಿವರಿಸಬಲ್ಲದು. ಬಂಡೆಗಳಲ್ಲಿರುವ ಕಬ್ಬಿಣವು ಶಿಥಿಲಗೊಂಡು, ನೀರು ಚೆನ್ನಾಗಿ ಬಸಿಯುವ ಎತ್ತರದ ಜಾಗದಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ ಕೆಂಪು ಆಕ್ಸೈಡ್ ಆಗುತ್ತದೆ. ತಗ್ಗಿನಲ್ಲಿ ಸುಣ್ಣ, ಮೆಗ್ನೀಷಿಯಂಗಳು ಕೂಡಿಕೊಂಡು, ನೀರು ಕುಡಿದರೆ ಉಬ್ಬಿ ಒಣಗಿದರೆ ಬಿರಿಯುವ ಬಗೆಯ ಜೇಡಿ ಖನಿಜಗಳು ರೂಪುಗೊಳ್ಳುತ್ತವೆ. ಒಂದೇ ಬೆಟ್ಟದಿಂದ ಇಳಿದ ಮಣ್ಣು ಇಳಿಜಾರಿನಲ್ಲಿ ತಾನು ನಿಂತ ಜಾಗಕ್ಕನುಗುಣವಾಗಿ ಕೆಬ್ಬೆಯಾಗಬಹುದು, ಎರೆಯೂ ಆಗಬಹುದು. ರೈತರು ಕೊಟ್ಟ ಎರಡು ಹೆಸರುಗಳ ಹಿಂದೆ ಇಷ್ಟು ದೊಡ್ಡ ರಸಾಯನ ಕ್ರಿಯೆ ಅಡಗಿದೆ.

ಇಟ್ಟಿಗೆ ಕಲ್ಲು

ಘಟ್ಟವಿಳಿದ ಬುಕಾನನ್ ಕೊಯಮತ್ತೂರಿನ ಮೂಲಕ ಮಲಬಾರಿಗೆ ಹೋದನು. 1800ರ ಡಿಸೆಂಬರ್ ತಿಂಗಳಲ್ಲಿ, ಇಂದಿನ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿರುವ ಅಂಗಾಡಿಪುರಂ ಎಂಬ ಊರಿನಲ್ಲಿ ಆತನು ಕಂಡ ದೃಶ್ಯವು ಮಣ್ಣಿನ ವಿಜ್ಞಾನದ ಇತಿಹಾಸದಲ್ಲಿ ಸೇರಿಹೋಗಿದೆ. ಜನರು ನೆಲದಡಿಯಿಂದ ಒಂದು ಬಗೆಯ ಕೆಂಪು ಪದಾರ್ಥವನ್ನು ಕಬ್ಬಿಣದ ಆಯುಧದಿಂದ ಸಲೀಸಾಗಿ ಕಡಿದು ತೆಗೆಯುತ್ತಿದ್ದರು. ಅಗೆಯುವಾಗ ಮೆತ್ತಗೆ, ಚೌಕವಾಗಿ ಕತ್ತರಿಸಿ ಗಾಳಿಗೆ ಒಡ್ಡಿದ ಕೆಲವೇ ದಿನಗಳಲ್ಲಿ ಇಟ್ಟಿಗೆಯಷ್ಟು ಗಟ್ಟಿ. ಮನೆ ಕಟ್ಟಲು ಅದಕ್ಕಿಂತ ಉತ್ತಮವಾದ ವಸ್ತು ಆ ಸೀಮೆಯಲ್ಲಿರಲಿಲ್ಲ.

ಅದಕ್ಕೆ ಏನೆನ್ನುತ್ತೀರೆಂದು ಆತನು ಕೇಳಿದನು. ದಕ್ಷಿಣದ ಭಾಷೆಗಳಲ್ಲಿ ಅದಕ್ಕಿದ್ದ ಹೆಸರು ಇಟ್ಟಿಗೆ ಕಲ್ಲು ಎಂಬುದು ತಿಳಿಯಿತು. ಕನ್ನಡಿಗರಿಗೆ ಈ ಪದದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರಾವಳಿಯಲ್ಲಿ ಮುರಕಲ್ಲು ಎಂದು ಕರೆಯುವುದೂ, ನಮ್ಮ ಪುಸ್ತಕಗಳಲ್ಲಿ ಜಂಬಿಟ್ಟಿಗೆ ಎಂದು ಬರೆಯುವುದೂ ಇದನ್ನೇ. ಬುಕಾನನ್ ಆ ಮಾತನ್ನೇ ಲ್ಯಾಟಿನ್ನಿಗೆ ತಿರುಗಿಸಿದನು. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಎಂದರೆ ಇಟ್ಟಿಗೆ. ಅದರಿಂದ ಲ್ಯಾಟರೈಟ್ ಎಂಬ ಪದ ಹುಟ್ಟಿತು. ಇಂದು ಬ್ರೆಜಿಲ್‌ನಿಂದ ಆಫ್ರಿಕಾದವರೆಗೆ, ಆಸ್ಟ್ರೇಲಿಯಾದವರೆಗೆ ಉಷ್ಣವಲಯದ ಮಣ್ಣನ್ನು ಅಭ್ಯಾಸ ಮಾಡುವ ಪ್ರತಿಯೊಬ್ಬರೂ ಆ ಪದವನ್ನು ಬಳಸುತ್ತಾರೆ. 1979ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಅಂಗಾಡಿಪುರಂನಲ್ಲಿ ಇದರ ನೆನಪಿಗೆ ಸ್ಮಾರಕವೊಂದನ್ನು ನಿಲ್ಲಿಸಿದೆ.

ಧಾರಾಕಾರ ಮಳೆಗೆ ಸಿಲಿಕಾ ಮತ್ತು ಸುಣ್ಣ, ಪೊಟ್ಯಾಷ್ ಮುಂತಾದ ಪ್ರತ್ಯಾಮ್ಲಗಳು ಕೊಚ್ಚಿಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳು ಉಳಿದುಕೊಂಡಾಗ ಈ ಪದಾರ್ಥ ಉಂಟಾಗುತ್ತದೆ. ಒಣಗಿದಾಗ ಕಬ್ಬಿಣದ ಆಕ್ಸೈಡ್‌ಗಳು ಹರಳುಗಟ್ಟಿ ಬಿಗಿಯಾಗುವುದರಿಂದ ಕಲ್ಲಾಗುತ್ತದೆ. ಇಂತಹ ಮಣ್ಣು ಹುಳಿಯಾಗಿದ್ದು, ಹಾಕಿದ ರಂಜಕವನ್ನು ಬಿಗಿಹಿಡಿಯುವುದರಿಂದ ಸುಣ್ಣ ಮತ್ತು ಸಾವಯವ ಗೊಬ್ಬರವನ್ನು ಬಯಸುತ್ತದೆ. ಇದೆಲ್ಲ ವಿಜ್ಞಾನ. ಆದರೆ ಈ ವಿಜ್ಞಾನದ ಬಾಗಿಲು ತೆರೆದದ್ದು ಒಂದು ಹೋಲಿಕೆ. ಮಣ್ಣಲ್ಲದ, ಕಲ್ಲೂ ಅಲ್ಲದ ಒಂದು ವಸ್ತುವನ್ನು ನೋಡಿ, ಇದು ಇಟ್ಟಿಗೆಯಂಥ ಕಲ್ಲು ಎಂದ ಮೊದಲ ಮನುಷ್ಯ ಕವಿಯ ಕೆಲಸವನ್ನು ಮಾಡಿದನು. ಉಪಮೆ ಕಾವ್ಯದ ಮೊದಲ ಸಾಧನ, ವರ್ಗೀಕರಣ ಶಾಸ್ತ್ರದ ಮೊದಲ ಸಾಧನ. ಇಟ್ಟಿಗೆ ಕಲ್ಲು ಎಂಬ ಎರಡು ಪದಗಳಲ್ಲಿ ಇವೆರಡೂ ಒಟ್ಟಿಗಿವೆ. ಬುಕಾನನ್ನನ ಹಿರಿಮೆಯಿರುವುದು ಆ ಮಾತಿನ ಬೆಲೆಯನ್ನು ಗುರುತಿಸಿದುದರಲ್ಲಿ.

ಬರವಣಿಗೆಯ ಮಿತಿಗಳು

ಬುಕಾನನ್ನನನ್ನು ಕೊಂಡಾಡಿ ನಿಲ್ಲಿಸುವುದು ನ್ಯಾಯವಾಗುವುದಿಲ್ಲ. ಆತನು ಬಂದದ್ದು ಕಂಪನಿಯ ನೌಕರನಾಗಿ. ಆತನ ಪ್ರಶ್ನೆಗಳ ಹಿಂದೆ ಕಂದಾಯದ ಲೆಕ್ಕವಿತ್ತು. ರೈತರಿಗೆ ಅದು ತಿಳಿಯದೆ ಇರಲಿಲ್ಲ. ಇಳುವರಿಯನ್ನು ಕಡಿಮೆ ಹೇಳಿದರೆ ಕಂದಾಯ ಕಡಿಮೆಯಾದೀತೆಂಬ ಲೆಕ್ಕಾಚಾರ ಅವರದು. ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಆತನು ಆಗಾಗ ಗೊಣಗುವುದುಂಟು. ನಮ್ಮ ನೇಗಿಲು ಆಳಕ್ಕೆ ಹೋಗುವುದಿಲ್ಲ, ಕಳೆ ಸರಿಯಾಗಿ ತೆಗೆಯುವುದಿಲ್ಲ ಎಂದು ತನ್ನ ದೇಶದ ಬೇಸಾಯದ ಅಳತೆಗೋಲಿನಿಂದ ಅಳೆದು ಕಟುವಾಗಿ ಬರೆದದ್ದೂ ಉಂಟು. ತೆಳುವಾದ ಕೆಂಪು ಮಣ್ಣಿನಲ್ಲಿ ಆಳವಾಗಿ ಉತ್ತರೆ ತೇವ ಹಾರಿಹೋಗಿ, ಅಡಿಯ ಗರಸು ಮೇಲೆ ಬರುತ್ತದೆಂಬುದನ್ನು ಹನೂರಿನ ರೈತನು ಬಲ್ಲನು. ಆ ತಿಳಿವಳಿಕೆಯ ತೂಕವನ್ನು ಬುಕಾನನ್ ಪೂರ್ತಿಯಾಗಿ ಗ್ರಹಿಸಲಿಲ್ಲ.

ಇನ್ನೊಂದು ಕೊರತೆಯೂ ಇದೆ. ಮಣ್ಣಿನ ಹೆಸರುಗಳು ಪುಸ್ತಕಕ್ಕೆ ಬಂದವು. ಹೇಳಿದವರ ಹೆಸರುಗಳು ಬಹುಮಟ್ಟಿಗೆ ಬರಲಿಲ್ಲ. ಲ್ಯಾಟರೈಟ್ ಎಂಬ ಪದದ ಜೊತೆಗೆ ಬುಕಾನನ್ನನ ಹೆಸರು ಉಳಿಯಿತು. ಇಟ್ಟಿಗೆ ಕಲ್ಲು ಎಂದು ಕರೆದವರು ಅಜ್ಞಾತರಾಗಿಯೇ ಉಳಿದರು.

ಕೊನೆಯ ವರ್ಷಗಳು

ಮೈಸೂರಿನ ಬಳಿಕ 1802ರಲ್ಲಿ ಆತನು ನೇಪಾಳಕ್ಕೆ ಹೋದನು. ಮರಳಿ ಬಂದ ಮೇಲೆ ಕಲ್ಕತ್ತೆಯ ಸಮೀಪದ ಬ್ಯಾರಕ್‌ಪುರದಲ್ಲಿ ವೆಲ್ಲೆಸ್ಲಿ ಸ್ಥಾಪಿಸಿದ ಪ್ರಾಣಿಸಂಗ್ರಹಾಲಯ ಮತ್ತು ಪ್ರಕೃತಿ ಅಧ್ಯಯನ ಸಂಸ್ಥೆಯ ಹೊಣೆ ಹೊತ್ತನು. 1807ರಿಂದ 1814ರವರೆಗೆ ಏಳು ವರ್ಷ ಬಂಗಾಳ ಮತ್ತು ಬಿಹಾರದ ಜಿಲ್ಲೆಗಳನ್ನು ಊರೂರು ಸುತ್ತಿ ಸಮೀಕ್ಷೆ ನಡೆಸಿದನು. ಈ ಅವಧಿಯಲ್ಲಿ ಭಾರತೀಯ ಚಿತ್ರಕಾರರು ಆತನಿಗಾಗಿ ಬಹುಸಂಖ್ಯೆಯ ಚಿತ್ರಗಳನ್ನು ಬರೆದರು. 1814ರಲ್ಲಿ ರಾಕ್ಸ್‌ಬರೋ ಅವರ ಉತ್ತರಾಧಿಕಾರಿಯಾಗಿ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥನಾದರೂ ಆರೋಗ್ಯ ಕೆಟ್ಟು 1815ರಲ್ಲಿ ಸ್ವದೇಶಕ್ಕೆ ಹೊರಟನು.

ಹೊರಡುವಾಗ ದೊಡ್ಡದೊಂದು ಪೆಟ್ಟು ಬಿತ್ತು. ಚಿತ್ರಸಂಗ್ರಹವನ್ನು ಜೊತೆಯಲ್ಲಿ ಒಯ್ಯಲು ಆಗಿನ ಗವರ್ನರ್ ಜನರಲ್ ಅನುಮತಿ ಕೊಡಲಿಲ್ಲ. ಜೀವಮಾನದ ಶ್ರಮವನ್ನು ಕಲ್ಕತ್ತೆಯಲ್ಲೇ ಬಿಟ್ಟು ಆತನು ಹಡಗು ಹತ್ತಬೇಕಾಯಿತು. ಚಿತ್ರಗಳಿಲ್ಲದೆ ವರ್ಣನೆ ಅರ್ಧವೆಂದು ಬಲ್ಲವನಿಗೆ ಆ ನಷ್ಟ ಎಷ್ಟೆಂದು ಹೇಳಬೇಕಾಗಿಲ್ಲ.

ಸ್ಕಾಟ್ಲೆಂಡಿನಲ್ಲಿ ತಾಯಿಯ ಕಡೆಯ ಆಸ್ತಿ ಬಂದುದರಿಂದ ಹ್ಯಾಮಿಲ್ಟನ್ ಎಂಬ ಹೆಸರನ್ನು ಸ್ವೀಕರಿಸಿದನು. 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ನಮ್ಮ ಕೃಷಿಹೊಂಡಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಈ ಮೂರೂ ಮೀನುಗಳ ವೈಜ್ಞಾನಿಕ ಹೆಸರುಗಳ ಮುಂದೆ ಹ್ಯಾಮಿಲ್ಟನ್, 1822 ಎಂದು ಬರೆಯುವ ರೂಢಿಯಿದೆ. ಆತನೇ ಈತನು. ಅಲ್ಲಿಯೂ ಆತನು ತನ್ನ ಹಳೆಯ ಅಭ್ಯಾಸವನ್ನು ಬಿಟ್ಟಿಲ್ಲ. ಕಾಟ್ಲಾ, ರೋಹಿತ, ಮೃಗಾಲ ಎಂಬ ನಮ್ಮ ನಾಡಿನ ಹೆಸರುಗಳೇ ವೈಜ್ಞಾನಿಕ ಹೆಸರುಗಳೊಳಗೆ ಸೇರಿವೆ. 1829ರ ಜೂನ್ 15ರಂದು ಆತನು ನಿಧನನಾದನು.

ನಮ್ಮ ಸೀಮೆಯ ರೈತರಿಗೆ

ಇಂದಿನ ಮಣ್ಣು ವಿಜ್ಞಾನಿಯ ಚೀಲದಲ್ಲಿ ಒಂದು ಬಣ್ಣದ ಪುಸ್ತಕವಿರುತ್ತದೆ. ಗುಂಡಿ ತೋಡಿ, ಪದರಪದರವಾಗಿ ಮಣ್ಣಿನ ಹೆಂಟೆ ತೆಗೆದು, ಆ ಪುಸ್ತಕದ ಬಣ್ಣದ ಚೌಕಗಳ ಪಕ್ಕ ಹಿಡಿದು ಹೋಲಿಸುತ್ತೇವೆ. ಅದನ್ನು ಮನ್ಸೆಲ್ ವರ್ಣಪಟ್ಟಿ ಎನ್ನುತ್ತಾರೆ. ಅದರ ಮೂಲಕರ್ತೃ ಆಲ್ಬರ್ಟ್ ಮನ್ಸೆಲ್ (1858–1918) ಅಮೆರಿಕದ ಬಾಸ್ಟನ್ ನಗರದ ಚಿತ್ರಕಲಾ ಶಿಕ್ಷಕ. ಚಿತ್ರಕಲೆಯ ವಿದ್ಯಾರ್ಥಿಗಳಿಗೆ ಬಣ್ಣವನ್ನು ಕಲಿಸಲು ಆತನು ರೂಪಿಸಿದ ಕ್ರಮವನ್ನು ಮಣ್ಣು ವಿಜ್ಞಾನಿಗಳು ತಮ್ಮದಾಗಿಸಿಕೊಂಡರು. ಕೆಂಪು ಗಾಢವಾಗಿದ್ದರೆ ನೀರು ಚೆನ್ನಾಗಿ ಬಸಿಯುತ್ತದೆ. ಬೂದು ಬಣ್ಣದ ಮಚ್ಚೆಗಳಿದ್ದರೆ ನೀರು ನಿಲ್ಲುತ್ತದೆ. ಮೇಲ್ಪದರ ಕಪ್ಪಾಗಿದ್ದರೆ ಸಾವಯವ ಅಂಶವಿರಬಹುದು. ಕೆಮ್ಮಣ್ಣನ್ನು ಕದಡಿ ಗೋಡೆಗೆ ಕಾರಣೆ ಬಳಿದ ನಮ್ಮ ಅಜ್ಜಿಯಂದಿರೂ, ಯಾವ ಕೆರೆಯ ಜೇಡಿ ಮಡಕೆಗೆ ಬರುತ್ತದೆಂದು ಬಲ್ಲ ಕುಂಬಾರರೂ ಬಣ್ಣ ಮತ್ತು ಅಂಟಿನಿಂದಲೇ ಮಣ್ಣನ್ನು ಓದುತ್ತಿದ್ದರು.

ಈ ಓದು ಈಗ ಮರೆಯಾಗುತ್ತಿರುವುದು ಕಳವಳದ ಸಂಗತಿ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯು 12 ಅಂಶಗಳನ್ನು ತಿಳಿಸುತ್ತದೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಮತ್ತು ಬೋರಾನ್. ಸತುವಿನ ಕೊರತೆಯನ್ನು ಯಾವ ಹಳೆಯ ಹೆಸರೂ ಹೇಳಲಾರದು. ಅದಕ್ಕೆ ಪ್ರಯೋಗಾಲಯವೇ ಬೇಕು. ಆದರೆ ಮಳೆಯಾದ ಎಷ್ಟು ದಿನಕ್ಕೆ ಹದ ಬರುತ್ತದೆ, ಎಷ್ಟು ದಿನ ಹದ ನಿಲ್ಲುತ್ತದೆ, ಬೇಸಿಗೆಯಲ್ಲಿ ಎಷ್ಟು ಅಗಲ ಬಿರಿಯುತ್ತದೆ ಎಂಬುದನ್ನು ಚೀಟಿ ಹೇಳಲಾರದು. ಅದು ಹೆಸರಿನೊಳಗಿದೆ. ಒಂದು ಹೆಸರು ಅಳಿದರೆ ಅದರ ಜೊತೆಗೆ ಕಟ್ಟಿಕೊಂಡು ಬಂದ ಅನುಭವವೂ ಅಳಿಯುತ್ತದೆ. ಚೀಟಿಯನ್ನು ಮುಂದಿನ ವರ್ಷ ಮತ್ತೆ ಪಡೆಯಬಹುದು. ಹೆಸರನ್ನು ಬಲ್ಲ ಹಿರಿಯರನ್ನು ಮತ್ತೆ ಪಡೆಯಲಾಗದು.

ಆದುದರಿಂದ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ರೈತ ಬಾಂಧವರಲ್ಲಿ ಕೆಲವು ಸಲಹೆಗಳು:

1. ಮುಂದಿನ ಬಾರಿ ಮಣ್ಣು ಮಾದರಿ ತೆಗೆಯುವಾಗ, ಆ ಹೊಲದ ಮಣ್ಣಿಗೆ ನಿಮ್ಮ ಮನೆಯ ಹಿರಿಯರು ಏನೆನ್ನುತ್ತಾರೆಂದು ಕೇಳಿ, ಆ ಹೆಸರನ್ನು ಮಾದರಿಯ ಚೀಲದ ಮೇಲೂ ಆರೋಗ್ಯ ಚೀಟಿಯ ಹಿಂಬದಿಯಲ್ಲೂ ಬರೆಯಿರಿ. ಒಂದೇ ಸರ್ವೆ ನಂಬರಿನಲ್ಲಿ ಎರಡು ಹೆಸರಿನ ಮಣ್ಣಿದ್ದರೆ ಎರಡು ಪ್ರತ್ಯೇಕ ಮಾದರಿಗಳನ್ನು ತೆಗೆಯಿರಿ. ಎರೆಯನ್ನೂ ಕೆಬ್ಬೆಯನ್ನೂ ಬೆರೆಸಿದ ಮಾದರಿಯ ಫಲಿತಾಂಶ ಎರಡಕ್ಕೂ ಹೊಂದುವುದಿಲ್ಲ.

2. ಹೊಲದಲ್ಲಿ ಅಂಕುಡೊಂಕಾಗಿ ನಡೆದು 10ರಿಂದ 15 ಕಡೆ, ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ 15 ಸೆಂ.ಮೀ. ಆಳದ ಗುಂಡಿ ತೆಗೆದು, ಅದರ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಮಣ್ಣು ಸಂಗ್ರಹಿಸಿ. ಹಿಪ್ಪುನೇರಳೆ ಮತ್ತು ಹಣ್ಣಿನ ತೋಟಗಳಲ್ಲಿ ಇನ್ನೂ ಆಳದ ಪದರದಿಂದ ಪ್ರತ್ಯೇಕ ಮಾದರಿ ಅಗತ್ಯ. ಬದು, ತಿಪ್ಪೆ, ಮರದ ನೆರಳು, ನೀರು ನಿಲ್ಲುವ ಜಾಗಗಳನ್ನು ಬಿಡಿ. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಉಳಿಸಿಕೊಳ್ಳುತ್ತಾ ಅರ್ಧ ಕಿಲೋಗ್ರಾಂಗೆ ಇಳಿಸಿ, ನೆರಳಿನಲ್ಲಿ ಒಣಗಿಸಿ ಕಳುಹಿಸಿ.

3. ಒಂದು ಹಿಡಿ ಮಣ್ಣನ್ನು ನೀರಿನಿಂದ ನಾದಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿ ಪಟ್ಟಿಯಾಗಿ ಎಳೆಯಿರಿ. ಉಂಡೆಯೇ ಕಟ್ಟದಿದ್ದರೆ ಮರಳು. ಉಂಡೆ ಕಟ್ಟಿ ಪಟ್ಟಿ ಬೇಗ ಮುರಿದರೆ ಗೋಡು. ಪಟ್ಟಿ ಉದ್ದಕ್ಕೆ ಬಂದರೆ ಜೇಡಿ. ಮರಳು ಮಣ್ಣಿಗೆ ಸಾರಜನಕವನ್ನು ಕಂತುಗಳಲ್ಲಿ ಕೊಡಿ. ಕೆರೆಗೋಡು ಮತ್ತು ಕೊಟ್ಟಿಗೆ ಗೊಬ್ಬರವನ್ನು ಸೇರಿಸಿ. ಜೇಡಿಯಲ್ಲಿ ಬಸಿಗಾಲುವೆಗೆ ಮೊದಲ ಗಮನವಿರಲಿ.

4. ಶಾಲೆಗೆ ಹೋಗುವ ಮಕ್ಕಳಿಂದ ಊರಿನ ಮಣ್ಣುಗಳ ಚಿತ್ರಪಟವನ್ನು ಬರೆಸಿ. ಬಣ್ಣಕ್ಕೆ ಆಯಾ ಹೊಲದ ಮಣ್ಣನ್ನೇ ಅಂಟಿನಲ್ಲಿ ಕಲಸಿ ಬಳಸಲಿ. ಪ್ರತಿ ಬಣ್ಣದ ಪಕ್ಕ ಮಣ್ಣಿನ ಹೆಸರು, ಅದನ್ನು ಹೇಳಿದವರ ಹೆಸರು, ಅಲ್ಲಿ ಬೆಳೆಯುವ ಬೆಳೆ ಇರಲಿ.

ಹೇಳಿದವರ ಹೆಸರನ್ನು ಬರೆಯುವುದು ಮುಖ್ಯ. ಬುಕಾನನ್ ಬಿಟ್ಟುಹೋದ ಜಾಗ ಅದು. ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಭಾಷೆ ಬಾರದ ಪರದೇಶದವನೊಬ್ಬನು ಹನೂರಿನ ದಾರಿಯಲ್ಲಿ ನಡೆಯುತ್ತಾ ಮಣ್ಣಿನ ಹೆಸರುಗಳನ್ನು ಕೇಳಿ ಬರೆದುಕೊಂಡನು. ಅದೇ ಭಾಷೆಯನ್ನಾಡುವ ನಮಗೆ, ಅದೇ ಹೊಲದಲ್ಲಿ ನಿಂತು, ನಮ್ಮ ಹಿರಿಯರನ್ನೇ ಕೇಳುವುದು ಕಷ್ಟವಾಗಲಾರದು. ಬರೆದಿಟ್ಟ ಪಟ್ಟಿಯನ್ನು ಸಮೀಪದ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಮಾದರಿಯೊಂದಿಗೆ ತಂದು ತೋರಿಸಿದರೆ, ಗೊಬ್ಬರದ ಶಿಫಾರಸನ್ನು ನಿಮ್ಮ ಮಣ್ಣಿನ ಹದಕ್ಕೆ ಹೊಂದಿಸಿಕೊಡಲು ವಿಜ್ಞಾನಿಗಳಿಗೂ ಅನುಕೂಲವಾಗುತ್ತದೆ.